ಕಂಪನಿ ಕೈ ಬದಲಾದಾಗ ಕೆಲಸಗಾರರ ವೀಸಾ ಏನಾಗುತ್ತದೆ?

ಇಂಗ್ಲೆಂಡಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮ್ ಮಾರಾಟವಾಯಿತು ಎಂದುಕೊಳ್ಳಿ. ಬಾಗಿಲ ಮೇಲಿನ ಫಲಕ ಹಳೆಯದೇ, ಸಂಬಳದ ಚೀಟಿಯಲ್ಲಿರುವ ಹೆಸರೂ ಹಳೆಯದೇ. ಕೈ ಬದಲಾಗಿರುವುದು ಷೇರುಗಳು ಮಾತ್ರ. ಅಲ್ಲಿ ದುಡಿಯುವ ಮಂಗಳೂರಿನ ನರ್ಸ್ ಒಬ್ಬರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಆಕೆಯ ವೀಸಾ ನಿಂತಿರುವುದು ಬ್ರಿಟನ್ನಿನ ಗೃಹ ಇಲಾಖೆ ಆ ಕಂಪನಿಗೆ ಕೊಟ್ಟ ಸ್ಪಾನ್ಸರ್ ಲೈಸೆನ್ಸ್ ಮೇಲೆ, ಅಂದರೆ ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಪ್ರಾಯೋಜಕರಿಗೆ ಸಿಗುವ ಪರವಾನಗಿಯ ಮೇಲೆ. ಕಟ್ಟಡ, ಮಂಚ, ಸಾಲ ಎಲ್ಲವನ್ನೂ ಹೊಸ ಒಡೆಯರಿಗೆ ಒಪ್ಪಿಸಬಹುದು, ಲೈಸೆನ್ಸನ್ನು ಒಪ್ಪಿಸುವಂತಿಲ್ಲ.

ಮೊದಲು ಹೀಗಿರಲಿಲ್ಲ. ವರ್ಕ್ ಪರ್ಮಿಟ್ ಕಾಲದಲ್ಲಿ ಯಾರು, ಯಾವ ಹುದ್ದೆಗೆ ಬರುತ್ತಾರೆ ಎಂಬುದನ್ನು ಸರ್ಕಾರವೇ ಒಂದೊಂದಾಗಿ ಪರಿಶೀಲಿಸುತ್ತಿತ್ತು. 2008ರಲ್ಲಿ ಅಂಕಗಳ ಆಧಾರದ ವಲಸೆ ಪದ್ಧತಿ ಬಂದಾಗ ಈ ಭಾರ ಉದ್ಯೋಗದಾತರ ಹೆಗಲೇರಿತು. ಸರ್ಕಾರ ಕಂಪನಿಯನ್ನು ಪರೀಕ್ಷಿಸಿ ಲೈಸೆನ್ಸ್ ಕೊಡುತ್ತದೆ. ವಿದೇಶಿ ಕೆಲಸಗಾರರಿಗೆ ಪ್ರಾಯೋಜಕತ್ವದ ಪ್ರಮಾಣಪತ್ರವನ್ನು ಕಂಪನಿ ಕೊಡುತ್ತದೆ, ಅವರು ಕೆಲಸಕ್ಕೆ ಬಾರದಿದ್ದರೆ ವರದಿಯನ್ನೂ ಅದೇ ಮಾಡುತ್ತದೆ. ಹೀಗೆ ಕಾವಲುಗಾರನ ಕೆಲಸವನ್ನು ಒಬ್ಬರಿಗೆ ನಂಬಿ ಒಪ್ಪಿಸಿದ ಮೇಲೆ, ಆ ನಂಬಿಕೆಯನ್ನು ಹಣ ಕೊಟ್ಟು ಕೊಂಡ ಅಪರಿಚಿತರಿಗೆ ದಾಟಿಸಲಾಗದು ಎಂಬುದು ಇಲಾಖೆಯ ವಾದ. ವಾದದಲ್ಲಿ ಹುರುಳಿದೆ. ಅದರ ಬೆಲೆ ತೆರಬೇಕಾದವರು ಮಾತ್ರ ಮಾರಾಟದ ಮಾತುಕತೆಯಲ್ಲಿ ಎಲ್ಲಿಯೂ ಇರುವುದಿಲ್ಲ.

ನಿಯಮ ಒಡೆತನದ ಮೆಟ್ಟಿಲುಗಳನ್ನು ಎಣಿಸುತ್ತದೆ. ಕಂಪನಿಯ ನೇರ ಒಡೆತನವೇ ಬದಲಾದರೆ, ಅಂದರೆ ನಿಯಂತ್ರಣಕ್ಕೆ ಬೇಕಾದಷ್ಟು ಷೇರುಗಳು ಹೊಸಬರ ಪಾಲಾದರೆ, ಹಳೆಯ ಲೈಸೆನ್ಸ್ ಮುಗಿದಂತೆ. ಪ್ರಾಯೋಜಕತ್ವ ಮುಂದುವರಿಯಬೇಕಾದರೆ 20 ಕೆಲಸದ ದಿನಗಳೊಳಗೆ ಹೊಸ ಅರ್ಜಿ ಹೋಗಬೇಕು. ಮಾತೃ ಸಂಸ್ಥೆಯ ಮೇಲಿನ ಇನ್ನೊಂದು ಸಂಸ್ಥೆ ಮಾರಾಟವಾದರೆ ಇಲಾಖೆಗೆ ತಿಳಿಸಿದರೆ ಸಾಕು. ಷೇರುಗಳ ಬದಲು ವ್ಯವಹಾರವನ್ನೇ ಕೊಂಡುಕೊಂಡಾಗ, ನೌಕರರ ಹಕ್ಕುಗಳನ್ನು ಕಾಯುವ 2006ರ ವರ್ಗಾವಣೆ ನಿಯಮಗಳ ಪ್ರಕಾರ ಕೆಲಸದ ಕರಾರು ತಾನಾಗಿಯೇ ಹೊಸ ಮಾಲೀಕರಿಗೆ ಹೋಗುತ್ತದೆ. ಆಗಲೂ ಹೊಸ ಮಾಲೀಕರ ಬಳಿ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಅದೇ 20 ದಿನಗಳಲ್ಲಿ ಅರ್ಜಿ ಹಾಕಬೇಕು. ಹೀಗಾಗಿ, ಕಾರ್ಮಿಕ ಕಾನೂನು ಉಳಿಸಿಕೊಟ್ಟ ಕೆಲಸವನ್ನು ವಲಸೆ ಕಾನೂನು ಕಿತ್ತುಕೊಳ್ಳುವ ಸಾಧ್ಯತೆ ಉಳಿದೇ ಇದೆ.

ಬೆಂಗಳೂರಿನ ಐಟಿ ಮಂದಿಗೆ ಚೆನ್ನಾಗಿ ಗೊತ್ತಿರುವ ಅಮೆರಿಕದ ಎಚ್-1ಬಿ ಕೆಲಸದ ವೀಸಾ ಈ ವಿಷಯದಲ್ಲಿ ಹೆಚ್ಚು ಉದಾರ. ಕಂಪನಿಗಳು ವಿಲೀನವಾದಾಗ ಹೊಸ ಸಂಸ್ಥೆ ಹಳೆಯದರ ಹಕ್ಕು ಬಾಧ್ಯತೆಗಳನ್ನು ವಹಿಸಿಕೊಂಡರೆ, ಕೆಲಸದ ಷರತ್ತುಗಳು ಹಾಗೆಯೇ ಇದ್ದರೆ, ತಿದ್ದುಪಡಿ ಅರ್ಜಿ ಬೇಕಿಲ್ಲ ಎಂದು ಅಲ್ಲಿಯ ಸಂಸತ್ತು 2000ದಲ್ಲೇ ಕಾನೂನು ಮಾಡಿದೆ. ಹೊಣೆ ಹೊತ್ತಿದ್ದೇವೆ ಎಂದು ಪ್ರಮಾಣ ಮಾಡಿದ ಹೇಳಿಕೆಯನ್ನು ಹೊಸ ಸಂಸ್ಥೆ ತನ್ನ ಕಡತದಲ್ಲಿ ಇಟ್ಟುಕೊಂಡರಾಯಿತು.

ಬ್ರಿಟನ್ನಿನ ನಿಯಮದ ಬಿಸಿ ಹೆಚ್ಚು ತಟ್ಟುವುದು ಆರೈಕೆ ಕ್ಷೇತ್ರಕ್ಕೆ, ಏಕೆಂದರೆ ಅಲ್ಲಿ ಒಡೆಯರು ಬದಲಾಗುವುದು ಹೊಸದಲ್ಲ. ಸುಮಾರು 750 ಕೇರ್ ಹೋಮ್‌ಗಳನ್ನು ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿ 2011ರಲ್ಲಿ ಕುಸಿದಾಗ ಅವೆಲ್ಲ ಬೇರೆ ಬೇರೆ ಕೈಗಳಿಗೆ ಹಂಚಿಹೋದವು. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೂ ವೀಸಾ ತೆರೆಯಿತು. ಭಾರತದಿಂದ ಬಹಳಷ್ಟು ಜನ ಹೋದರು. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಈ ಕ್ಷೇತ್ರದ 470ಕ್ಕೂ ಹೆಚ್ಚು ಲೈಸೆನ್ಸ್‌ಗಳನ್ನು ಸರ್ಕಾರ ರದ್ದುಮಾಡಿತು. ಆ ಸಂಸ್ಥೆಗಳೊಂದಿಗೆ 39,000ಕ್ಕೂ ಹೆಚ್ಚು ಕೆಲಸಗಾರರ ಹೆಸರು ತಳಕು ಹಾಕಿಕೊಂಡಿತ್ತು. ಶೋಷಣೆ, ದುರುಪಯೋಗವನ್ನು ತಡೆಯಲು ಕೈಗೊಂಡ ಕ್ರಮ ಅದು, ಒಡೆತನದ ಬದಲಾವಣೆಗೆ ಸಂಬಂಧಿಸಿದ್ದಲ್ಲ. ಆದರೂ ಲೈಸೆನ್ಸ್ ಯಾವ ಕಾರಣಕ್ಕೆ ಹೋದರೂ ಕೆಲಸಗಾರರ ಪಾಡು ಒಂದೇ: ವೀಸಾ ಅವಧಿ ಸಾಮಾನ್ಯವಾಗಿ 60 ದಿನಗಳಿಗೆ ಇಳಿಯುತ್ತದೆ. ಅಷ್ಟರೊಳಗೆ ಹೊಸ ಪ್ರಾಯೋಜಕರನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಮಕ್ಕಳ ಶಾಲೆ, ಬಾಡಿಗೆ ಮನೆ, ಊರಿನಲ್ಲಿ ಮಾಡಿದ ಸಾಲ ಎಲ್ಲವೂ ಆ ಎರಡು ತಿಂಗಳಿನೊಳಗೆ ಇತ್ಯರ್ಥವಾಗಬೇಕು.

2016ರಲ್ಲಿ ಒಬ್ಬ ಭಾರತೀಯ ಉದ್ಯೋಗಿಗೆ ಆ 60 ದಿನಗಳೂ ಸಿಗಲಿಲ್ಲ. ಅವರ ವೀಸಾ ಅರ್ಜಿ ಇಲಾಖೆಯ ಮುಂದಿರುವಾಗಲೇ ಉದ್ಯೋಗದಾತರ ಲೈಸೆನ್ಸ್ ರದ್ದಾಯಿತು. ಇಲಾಖೆ ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ನೇರವಾಗಿ ಅರ್ಜಿಯನ್ನೇ ತಿರಸ್ಕರಿಸಿತು. 2020ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲೈಸೆನ್ಸ್ ಹೋದದ್ದನ್ನು ಕೂಡಲೇ ಅವರಿಗೆ ತಿಳಿಸದಿದ್ದುದು ಅನ್ಯಾಯ ಎಂದು ತೀರ್ಪಿತ್ತಿತು. ಹೆಚ್ಚುವರಿ ಕಾಲಾವಕಾಶವನ್ನೂ ಕೊಡಲೇಬೇಕಿತ್ತು ಎನ್ನಲು ಮಾತ್ರ ಬಹುಮತದ ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ಲೈಸೆನ್ಸ್ ಪಡೆದ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ದುಡಿಯುವ ನಮ್ಮವರು ಮಾರಾಟದ ಸುದ್ದಿ ಕಿವಿಗೆ ಬಿದ್ದ ದಿನವೇ ಅದನ್ನು ತೆರೆದು ನೋಡಲಿ. ಜೊತೆಗೆ ಆಡಳಿತದವರಿಗೆ ಬರವಣಿಗೆಯಲ್ಲೇ ಕೇಳಲಿ: ಹೊಸ ಲೈಸೆನ್ಸ್‌ಗೆ ಅರ್ಜಿ ಹೋಗಿದೆಯೇ, ಹೋಗಿದ್ದರೆ ಯಾವ ತಾರೀಕಿನಂದು?