ಕದ್ದ ಮಾಲು ಸಿಕ್ಕಿತು, ಸರಿ. ಕದ್ದದ್ದೆಂದು ಅವನಿಗೆ ಗೊತ್ತಿತ್ತೇ?

ಮುಧೋಳದ ಹತ್ತಿರ ಘಟಪ್ರಭಾ ದಂಡೆಯ ಪಂಪ್‌ಸೆಟ್‌ಗಳಿಂದ ಕೇಬಲ್ ಕಳುವಾಯಿತು ಎಂದಿಟ್ಟುಕೊಳ್ಳಿ. ವಾರದೊಳಗೆ ಬಾಗಲಕೋಟೆಯ ಗುಜರಿ ಅಂಗಡಿಯೊಂದರಲ್ಲಿ ಪೊಲೀಸರು ತಾಮ್ರದ ತಂತಿ ಜಪ್ತಿ ಮಾಡುತ್ತಾರೆ. ‘ಮಾಲು ಸಿಕ್ಕಿದೆ, ಆದ್ದರಿಂದ ಅಂಗಡಿಯವನು ಅಪರಾಧಿ’ ಎಂದು ಉತ್ತರಪತ್ರಿಕೆಯಲ್ಲಿ ಎರಡೇ ಸಾಲು ಬರೆದು ಮುಗಿಸಬೇಡಿ. ಜಪ್ತಿಯಿಂದ ಶಿಕ್ಷೆಗೆ ಹಾಗೆ ಹಾರಲು ಕಾನೂನು ಬಿಡುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 317(2), ಅಂದರೆ ಹಳೆಯ ದಂಡ ಸಂಹಿತೆಯ 411, ಕದ್ದದ್ದೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಮಾಲನ್ನು ಪಡೆಯುವವನಿಗೆ, ಇಟ್ಟುಕೊಳ್ಳುವವನಿಗೆ 3 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯವಾದರೆ 411 ಎಂದೇ ಬರೆಯಿರಿ.

ಅಭಿಯೋಜನೆ, ಅಂದರೆ ಆರೋಪ ಹೊರಿಸಿ ಪ್ರಕರಣ ನಡೆಸುವ ಸರ್ಕಾರದ ಪಕ್ಷ, ಏನೇನು ಸಾಬೀತುಪಡಿಸಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1954ರ ತ್ರಿಂಬಕ್ ಪ್ರಕರಣದಲ್ಲಿ ಹೇಳಿದೆ: ಮಾಲು ಆರೋಪಿಯ ಸ್ವಾಧೀನದಲ್ಲಿತ್ತು, ಅದಕ್ಕೂ ಮೊದಲು ಬೇರೊಬ್ಬರ ಬಳಿ ಇತ್ತು, ಕದ್ದದ್ದೆಂದು ಆರೋಪಿಗೆ ಗೊತ್ತಿತ್ತು. ಆ ಪ್ರಕರಣದಲ್ಲಿ ಒಡವೆ ಸಿಕ್ಕದ್ದು ಯಾರು ಬೇಕಾದರೂ ಕಾಲಿಡಬಹುದಾದ ಬಯಲು ಹೊಲದಲ್ಲಿ, ಸ್ವಾಧೀನವೇ ನಿಲ್ಲಲಿಲ್ಲ. ನಮ್ಮ ತಂತಿಯೂ ಬೀಗ ಹಾಕಿದ ಗೋದಾಮಿನಲ್ಲಿತ್ತೋ, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿತ್ತೋ ಎಂಬುದನ್ನು ಪಂಚನಾಮೆಯಲ್ಲಿ ಹುಡುಕಬೇಕು.

ಎರಡನೆಯ ಅಂಶದಲ್ಲಿ ತಾಮ್ರದ ಪ್ರಕರಣಗಳು ಬಹಳ ಸುಲಭವಾಗಿ ಸಡಿಲಗೊಳ್ಳುತ್ತವೆ. ಮೇಲಿನ ಕವಚವನ್ನು ಸುಟ್ಟ ಮೇಲೆ ಒಬ್ಬ ರೈತನ ತಾಮ್ರಕ್ಕೂ ಇನ್ನೊಬ್ಬನದಕ್ಕೂ ವ್ಯತ್ಯಾಸ ತೋರಿಸುವುದು ಹೇಗೆ? ಕಂಪನಿಯ ಹೆಸರಿರುವ ಒಂದು ಗೇಣು ಕವಚ, ಜೋಡಿಸಿದ ಗಂಟಿನ ಗುರುತು, ಖರೀದಿಯ ರಸೀದಿ: ಇಂಥವನ್ನೇ ಸಾಕ್ಷಿಯಾಗಿ ತೋರಿಸಬೇಕು.

ಮೂರನೆಯದೇ ನಿಜವಾದ ಕಷ್ಟ. ಮನಸ್ಸಿನೊಳಗಿನದನ್ನು ಸುತ್ತಲಿನ ಸಂಗತಿಗಳಿಂದಲೇ ತಿಳಿಯಬೇಕು: ಪೇಟೆಯ ದರಕ್ಕಿಂತ ತೀರ ಕಡಿಮೆ ಬೆಲೆ, ರಾತ್ರಿಯ ವ್ಯವಹಾರ, ರಿಜಿಸ್ಟರಿನಲ್ಲಿ ನಮೂದಿಲ್ಲದಿರುವುದು, ಬಚ್ಚಿಟ್ಟದ್ದು, ಕೇಳಿದಾಗ ಕೊಟ್ಟ ಸುಳ್ಳು ಉತ್ತರ. ಒಂದೇ ಸಂಗತಿ ಸಾಲದು. 2022ರ ಶಿವಕುಮಾರ್ ವಿರುದ್ಧ ಮಧ್ಯಪ್ರದೇಶ ತೀರ್ಪಿನಲ್ಲಿ, ಆರೋಪಿ ಅಜಾಗರೂಕನಾಗಿದ್ದ, ಸರಿಯಾಗಿ ವಿಚಾರಿಸಲಿಲ್ಲ ಎಂದು ತೋರಿಸಿದರೆ ಸಾಲದೆಂದು ಹೇಳಿ ಸುಪ್ರೀಂ ಕೋರ್ಟ್ 411ರ ಶಿಕ್ಷೆಯನ್ನು ರದ್ದುಪಡಿಸಿತು. ಈ ತೀರ್ಪನ್ನು ಗಟ್ಟಿಯಾಗಿ ನೆನಪಿಡಿ. ಅನುಮಾನಕ್ಕೂ ನಂಬಲು ಕಾರಣಕ್ಕೂ ಇರುವ ಅಂತರ ಇದರಲ್ಲಿ ಸ್ಪಷ್ಟವಾಗಿದೆ.

ಸಾಕ್ಷ್ಯ ಅಧಿನಿಯಮದ ಕಲಂ 119ರ (ಹಳೆಯ 114) ಮೊದಲ ದೃಷ್ಟಾಂತ ಅಭಿಯೋಜನೆಗೆ ನೆರವಾಗುತ್ತದೆ. ಕಳವಾದ ಸ್ವಲ್ಪ ಸಮಯದಲ್ಲೇ ಮಾಲು ಸಿಕ್ಕಿ, ಅದು ಹೇಗೆ ಬಂತೆಂದು ಆರೋಪಿ ವಿವರಿಸದಿದ್ದರೆ, ಅವನೇ ಕಳ್ಳ ಅಥವಾ ತಿಳಿದೂ ಪಡೆದವನು ಎಂದು ನ್ಯಾಯಾಲಯ ಊಹಿಸಬಹುದು. ‘ಬಹುದು’ ಅಷ್ಟೇ, ಕಡ್ಡಾಯವಲ್ಲ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ದಿನವಿಡೀ ರೂಪಾಯಿ ಎಣಿಸುವ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಗುರುತು ಹಾಕಿದ ಕದ್ದ ರೂಪಾಯಿ ಸಿಕ್ಕರೆ, ಅದು ಯಾರಿಂದ ಬಂತೆಂದು ಹೇಳಲಾಗದ ಅವನ ಸ್ಥಿತಿಯನ್ನೂ ನ್ಯಾಯಾಲಯ ಗಮನಿಸಬೇಕು. ಗುಜರಿ ವ್ಯಾಪಾರಿಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ‘ಸ್ವಲ್ಪ ಸಮಯ’ಕ್ಕೆ ಗಡುವಿಲ್ಲ. 1983ರ ಈರಭದ್ರಪ್ಪ ಪ್ರಕರಣದಲ್ಲಿ ಆರೋಪಿ ತಲೆಮರೆಸಿಕೊಂಡಿದ್ದರಿಂದ ಸುಮಾರು ಒಂದು ವರ್ಷದ ಅಂತರವನ್ನೂ ನ್ಯಾಯಾಲಯ ಹೆಚ್ಚೆನ್ನಲಿಲ್ಲ.

ಕೊನೆಗೆ ಕಳ್ಳನ ಹೇಳಿಕೆ. ‘ಕದ್ದದ್ದೆಂದು ಹೇಳಿಯೇ ಅವರಿಗೆ ಮಾರಿದೆ’ ಎಂದು ಅವನು ಠಾಣೆಯಲ್ಲಿ ಒಪ್ಪಿಕೊಂಡರೂ, ಆ ಮಾತು ವ್ಯಾಪಾರಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಅದೇ ಸಾಕ್ಷ್ಯ ಅಧಿನಿಯಮದ ಕಲಂ 23ರ ಪರಂತುಕದಂತೆ, ಅಂದರೆ ಅದರಲ್ಲಿರುವ ವಿನಾಯಿತಿಯಂತೆ, ಮಾಲು ಸಿಗಲು ನೇರ ಕಾರಣವಾದ ಭಾಗವಷ್ಟೇ, ಅದೂ ಹೇಳಿದವನ ವಿರುದ್ಧ, ಉಳಿಯುತ್ತದೆ. ವ್ಯಾಪಾರಿಗೆ ಗೊತ್ತಿತ್ತೆಂದು ತೋರಿಸಲು ಅಭಿಯೋಜನೆ ಬೇರೆಯೇ ಸಾಕ್ಷ್ಯ ತರಬೇಕು.