ಟಿಪ್ಸ್ ನಾವು ಯಾಕೆ ಕೊಡಬೇಕು? ಸಂಬಳ ಕೊಡೋದು ಮಾಲೀಕನ ಕೆಲಸ ಅಲ್ವಾ?

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಮೊನ್ನೆ ಹೋಟೆಲಿನಲ್ಲಿ 60 ಡಾಲರ್ ಬಿಲ್ಲಿಗೆ ಮಗ 12 ಡಾಲರ್ ಟಿಪ್ಸ್ ಬರೆದ. ಮನೆ ತಲುಪುವ ತನಕ ನಮ್ಮ ಯಜಮಾನರಿಗೂ ಅವನಿಗೂ ಜಗಳ. ಕೆಲಸದವರಿಗೆ ಸಂಬಳ ಕೊಡೋದು ಮಾಲೀಕನ ಜವಾಬ್ದಾರಿ ಅಲ್ವಾ? ನಾವು ಕೊಡದಿದ್ದರೆ ಏನಾಗುತ್ತೆ?

ಉತ್ತರ: ನಿಮ್ಮ ಯಜಮಾನರು ಕೇಳಿದ್ದು ಸರಿ. ನಿಮ್ಮ ಮಗ ಮಾಡಿದ್ದೂ ಸರಿ.

ನಮ್ಮೂರಿನಲ್ಲಿ ಬಿಲ್ಲಿನ ಜೊತೆ ಸೋಂಪಿನ ತಟ್ಟೆ ಬರುತ್ತದೆ. ಚಿಲ್ಲರೆಯಲ್ಲಿ ಹತ್ತೋ ಇಪ್ಪತ್ತೋ ಬಿಟ್ಟು ಏಳುತ್ತೇವೆ. ಬಿಡದಿದ್ದರೆ ಸಪ್ಲೈಯರ್ ಮುಖ ಸ್ವಲ್ಪ ಸಣ್ಣದಾಗಬಹುದು, ಅಷ್ಟೇ. ನಾನೂ ಅಮೆರಿಕಕ್ಕೆ ಬಂದ ಹೊಸತರಲ್ಲಿ ಅದೇ ಲೆಕ್ಕದಲ್ಲಿ 2 ಡಾಲರ್ ಇಟ್ಟು ಎದ್ದಿದ್ದೆ. ಬಡಿಸಿದ ಹುಡುಗಿ ಬಾಗಿಲ ತನಕ ಬಂದು, "ಊಟದಲ್ಲಿ ಏನಾದರೂ ತಪ್ಪಾಯ್ತಾ?" ಎಂದು ಕೇಳಿದಳು. "ಇಲ್ಲ, ತುಂಬಾ ಚೆನ್ನಾಗಿತ್ತು" ಎಂದು ನಕ್ಕು ಹೊರಟೆ. ಅವಳು ಊಟದ ಬಗ್ಗೆ ಕೇಳಿರಲಿಲ್ಲ ಅಂತ ಹೊಳೆಯಲು ಆರು ತಿಂಗಳು ಬೇಕಾಯಿತು.

ವಿಷಯ ಇಷ್ಟು. ಇಲ್ಲಿನ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಕನಿಷ್ಠ ಕೂಲಿ ಎರಡು ಥರ. ಸಾಮಾನ್ಯ ಕೆಲಸಕ್ಕೆ ಗಂಟೆಗೆ 7.25 ಡಾಲರ್. 2009ರಿಂದ ಅದು ಏರಿಲ್ಲ. ಟಿಪ್ಸ್ ಬರುವ ಕೆಲಸಕ್ಕೆ ಮಾಲೀಕ ತನ್ನ ಜೇಬಿನಿಂದ ಕೊಡಬೇಕಾದದ್ದು ಗಂಟೆಗೆ ಬರೀ 2.13 ಡಾಲರ್. ಅದು 1991ರಿಂದ ಅಲ್ಲೇ ನಿಂತಿದೆ. ನಿಮ್ಮ ಮಗ ಇರುವ ಟೆಕ್ಸಸ್‌ನಲ್ಲೂ ಇದೇ ದರ. ಉಳಿದ 5.12 ಡಾಲರ್ ಗಿರಾಕಿಗಳ ಕೈಯಿಂದ ಬರುತ್ತದೆ ಅಂತ ಕಾನೂನೇ ಲೆಕ್ಕ ಹಾಕಿಬಿಟ್ಟಿದೆ. ಕಮ್ಮಿ ಬಿದ್ದರೆ ಮಾಲೀಕ ತುಂಬಿಕೊಡಬೇಕು ಅಂತಲೂ ಇದೆ ಅನ್ನಿ. ಆದರೆ ಅದು ಇಡೀ ವಾರದ ಲೆಕ್ಕ. ಸೋಮವಾರ ನೀವು ಕೊಡದೆ ಹೋದದ್ದನ್ನು ಶನಿವಾರ ಬಂದವರ ಟಿಪ್ಸ್ ಮುಚ್ಚಿಬಿಡುತ್ತದೆ, ಮಾಲೀಕನಿಗೆ ಏನೂ ತಟ್ಟುವುದಿಲ್ಲ. ಇನ್ನು, ತುಂಬಿಕೊಡಿ ಅಂತ ಬಾಯಿಬಿಟ್ಟು ಕೇಳಿದವರಿಗೆ ಮುಂದಿನ ಶನಿವಾರ ರಾತ್ರಿಯ ಪಾಳಿ ಸಿಗುತ್ತದೋ ಇಲ್ಲವೋ!

ಇನ್ನೊಂದು ಮಾತು ನಿಮ್ಮ ಯಜಮಾನರಿಗೆ ಹೇಳಿ. ಎಷ್ಟೋ ಹೋಟೆಲುಗಳಲ್ಲಿ ಬಡಿಸುವವರು ಟೇಬಲ್ ಒರೆಸುವವರಿಗೆ, ಬಾರಿನಲ್ಲಿರುವವರಿಗೆ ಪಾಲು ಕೊಡಬೇಕು. ಆ ಪಾಲನ್ನು ಕೆಲವು ಕಡೆ ಬಿಲ್ಲಿನ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಅಂಥ ಕಡೆ ನೀವು ಸೊನ್ನೆ ಬರೆದರೆ, ನಿಮ್ಮ ಟೇಬಲ್ಲಿನ ಪಾಲು ಆಕೆಯ ಬೇರೆ ಟಿಪ್ಸ್‌ನಿಂದ ಹೋಗುತ್ತದೆ.

ಹಾಗಾದರೆ ಈ ವಿಚಿತ್ರ ಪದ್ಧತಿ ಎಲ್ಲಿಂದ ಬಂತು? ಭಕ್ಷೀಸು ಕೊಡುವುದು ಯುರೋಪಿನ ಸಾಹುಕಾರರ ಚಾಳಿ. ಅಮೆರಿಕದಲ್ಲಿ ಅದು ಬೇರು ಬಿಟ್ಟಿದ್ದು 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ. ಜೀತದಿಂದ ಬಿಡುಗಡೆಯಾದ ಕಪ್ಪು ಜನರಿಗೆ ಸಿಗುತ್ತಿದ್ದ ಕೆಲಸಗಳೇ ಕಮ್ಮಿ. ಜಾರ್ಜ್ ಪುಲ್‌ಮನ್ ಎಂಬಾತನ ಕಂಪನಿ ರೈಲುಗಳಲ್ಲಿ ಮಲಗುವ ಬೋಗಿಗಳನ್ನು ಓಡಿಸುತ್ತಿತ್ತು. ಹಾಸಿಗೆ ಹಾಸಲು, ಬೂಟು ಒರೆಸಲು ಕಪ್ಪು ಜನರನ್ನೇ ಇಟ್ಟುಕೊಂಡಿತು. ಸಂಬಳ ಅಷ್ಟಕ್ಕಷ್ಟೇ, ಮಿಕ್ಕಿದ್ದು ಪ್ರಯಾಣಿಕರ ಭಕ್ಷೀಸು. ಪ್ರಯಾಣಿಕರು ಅವರ ಹೆಸರನ್ನೂ ಕೇಳುತ್ತಿರಲಿಲ್ಲ. ಎಲ್ಲರನ್ನೂ "ಜಾರ್ಜ್" ಅಂತಲೇ ಕರೆಯುತ್ತಿದ್ದರು, ಜೀತದಾಳಿಗೆ ಒಡೆಯನ ಹೆಸರು ಅಂಟಿಸಿದ ಹಾಗೆ.

ಈ ಕೆಲಸಗಾರರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ ಸಂಘ ಕಟ್ಟಿದರು. ಕಂಪನಿ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ. ಅದೇ ರಾಂಡಾಲ್ಫ್ 1963ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಆ ದೊಡ್ಡ ಮೆರವಣಿಗೆಯ ಮುಂದಾಳು. ಅಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ನಮಗೆಲ್ಲ ನೆನಪಿದೆ. ಆದರೆ ಆ ಮೆರವಣಿಗೆ ಕರೆದದ್ದೇ 'ಕೆಲಸ ಮತ್ತು ಸ್ವಾತಂತ್ರ್ಯಕ್ಕಾಗಿ' ಅಂತ. ಬೇಡಿಕೆಗಳ ಪಟ್ಟಿಯಲ್ಲಿ ಒಂದು, ದೇಶದಲ್ಲೆಲ್ಲ ಗಂಟೆಗೆ ಕನಿಷ್ಠ 2 ಡಾಲರ್ ಕೂಲಿ. ಅರವತ್ತು ವರ್ಷ ಕಳೆದಿದೆ. ನಿಮ್ಮ ಮಗ ಕರೆದುಕೊಂಡು ಹೋದಂಥ ಹೋಟೆಲಿನ ಮಾಲೀಕ ಬಡಿಸುವವರಿಗೆ ಅದಕ್ಕಿಂತ 13 ಸೆಂಟ್ ಜಾಸ್ತಿ ಕೊಟ್ಟರೆ ಕಾನೂನಿಗೆ ಸಾಕು.

ಕನಿಷ್ಠ ಕೂಲಿ ಕಾನೂನು ಬಂದದ್ದು 1938ರಲ್ಲಿ. ಹೋಟೆಲ್ ಕೆಲಸದವರು ಅದರೊಳಗೆ ಬಂದದ್ದು 1966ರ ತಿದ್ದುಪಡಿಯಿಂದ, ಅದೂ ಟಿಪ್ಸ್ ಹಣವನ್ನೇ ಅರ್ಧ ಕೂಲಿಯಾಗಿ ತೋರಿಸಬಹುದು ಎಂಬ ರಿಯಾಯಿತಿಯ ಜೊತೆ. 1996ರಲ್ಲಿ ಸಾಮಾನ್ಯ ಕೂಲಿ ಏರಿಸಿದಾಗ 2.13ನ್ನು ಮಾತ್ರ ಅಲ್ಲೇ ಬಿಟ್ಟರು. ಆಗ ಸಂಸತ್ತು ರಿಪಬ್ಲಿಕನ್ನರದ್ದು, ಸಹಿ ಹಾಕಿದ ಕ್ಲಿಂಟನ್ ಡೆಮಾಕ್ರಟ್. ಈ ವಿಷಯದಲ್ಲಿ ಇಬ್ಬರೂ ಒಳ್ಳೆಯ ನೆಂಟರೇ.

ಬೇರೆ ದಾರಿ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನ್ನೆಸೋಟಾ ಸೇರಿ ಏಳು ರಾಜ್ಯಗಳಲ್ಲಿ ಎಲ್ಲರಿಗೂ ಒಂದೇ ಕೂಲಿ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಅದು 16.50 ಡಾಲರ್, ಟಿಪ್ಸ್ ಅದರ ಮೇಲೆ. ರಾಜಧಾನಿ ವಾಷಿಂಗ್ಟನ್‌ನಲ್ಲೂ 2018ರಲ್ಲಿ ಜನ ಮತ ಹಾಕಿ ಒಂದೇ ಕೂಲಿ ಇರಲಿ ಎಂದರು. ನಗರದ ಕೌನ್ಸಿಲ್ ಅದೇ ವರ್ಷ ಅದನ್ನು ರದ್ದು ಮಾಡಿತು. 2022ರಲ್ಲಿ ಜನ ಮತ್ತೆ ಮತ ಹಾಕಿದರು. ತಮಾಷೆ ಏನೆಂದರೆ, ಬೇಡ ಎಂದವರಲ್ಲಿ ಬಡಿಸುವವರೂ ಇದ್ದರು. ದುಬಾರಿ ಹೋಟೆಲಿನಲ್ಲಿ ಒಂದು ಒಳ್ಳೆಯ ರಾತ್ರಿಗೆ ಅವರು ಚೆನ್ನಾಗಿಯೇ ದುಡಿಯುತ್ತಾರೆ, ಅದು ಕೈತಪ್ಪುತ್ತದೆ ಎಂಬ ಭಯ. ಅವರ ಭಯ ಸುಳ್ಳಲ್ಲ. ಆದರೆ ಸಾಧಾರಣ ಹೋಟೆಲಿನಲ್ಲಿ ಬೆಳಗಿನ ಹೊತ್ತು ಮೊಟ್ಟೆ, ಬ್ರೆಡ್ಡು ಬಡಿಸುವ ಹೆಂಗಸಿಗೆ ಆ ಒಳ್ಳೆಯ ರಾತ್ರಿ ಬರುವುದೇ ಇಲ್ಲ. ಗಿರಾಕಿ ಕೊಳಕು ಮಾತಾಡಿದರೂ ಆಕೆ ನಗಬೇಕು, ಯಾಕೆಂದರೆ ಕೂಲಿ ಅವನ ಜೇಬಿನಲ್ಲಿದೆ. ನನಗೆ ಸರಿಬರದಿರುವುದು ಇದೇ.

2025ರಲ್ಲಿ ಹೊಸ ಕಾನೂನು ಬಂತು: ವರ್ಷಕ್ಕೆ 25,000 ಡಾಲರ್ ತನಕದ ಟಿಪ್ಸ್‌ಗೆ ಕೇಂದ್ರದ ಆದಾಯ ತೆರಿಗೆ ಇಲ್ಲ, 2028ರವರೆಗೆ. ಕೇಳಲು ಚೆಂದ. ಆದರೆ ತೀರಾ ಕಡಿಮೆ ದುಡಿಯುವವರಿಗೆ ಆ ತೆರಿಗೆ ಮೊದಲೇ ಅಷ್ಟಾಗಿ ಬೀಳುತ್ತಿರಲಿಲ್ಲ. 2.13 ಕೂಡ ಅಲ್ಲೇ ಉಳಿಯಿತು.

ಇನ್ನು ನಿಮ್ಮ ಮನೆಯ ಜಗಳಕ್ಕೆ ಬರೋಣ. ಕೂತು ಉಣ್ಣುವ ಹೋಟೆಲಾದರೆ 18ರಿಂದ 20 ಪರ್ಸೆಂಟ್ ಕೊಡಿ. ಜಾಸ್ತಿ ಜನ ಒಟ್ಟಿಗೆ ಹೋದಾಗ ಮೊದಲು ಬಿಲ್ ಓದಿ, ಕೆಲವು ಕಡೆ ಅವರೇ ಸೇರಿಸಿರುತ್ತಾರೆ. ನಮ್ಮ ದರ್ಶಿನಿ ಥರ ಕೌಂಟರಿನಲ್ಲಿ ಕಾಫಿ ಕೊಟ್ಟು, ಪರದೆ ತಿರುಗಿಸಿ 25 ಪರ್ಸೆಂಟ್ ತೋರಿಸಿದರೆ ಮುಜುಗರ ಬೇಡ. ಅಲ್ಲಿ ನಿಮ್ಮ ಯಜಮಾನರು ಸೊನ್ನೆ ಒತ್ತಲಿ, ಮಗ ಸುಮ್ನೆ ಇರಲಿ.