ಡ್ವಾರ್ಫ್ ಹ್ಯಾಮ್‌ಸ್ಟರ್‌ಗೆ ದಿನಾ ಬಾಳೆಹಣ್ಣು ಕೊಡಬಹುದಾ?

ಪ್ರಶ್ನೆ: ನಮ್ಮ ಮನೆಗೆ ಒಂದು ಡ್ವಾರ್ಫ್ ಹ್ಯಾಮ್‌ಸ್ಟರ್ ಬಂದು ಎರಡು ತಿಂಗಳಾಯಿತು. ಅಂಗಡಿಯವರು ಕೊಟ್ಟ ಕಾಳಿನ ಮಿಕ್ಸ್ ಹಾಕುತ್ತೇವೆ, ಬೆಳಗ್ಗೆ ನೋಡಿದರೆ ಬಟ್ಟಲು ಖಾಲಿ. ಮಗಳು ದಿನಾ ಸಂಜೆ ಒಂದು ತುಂಡು ಬಾಳೆಹಣ್ಣು ಕೊಡುತ್ತಾಳೆ, ಅದೂ ಖಾಲಿ. ಅಷ್ಟು ಇಷ್ಟಪಟ್ಟು ತಿನ್ನುತ್ತಿದೆ ಅಂದಮೇಲೆ ಕೊಡಬಹುದು ತಾನೇ? (ಹಾಸನದಿಂದ ಒಬ್ಬ ಓದುಗರು)

ಬಾಳೆಹಣ್ಣು ಇವತ್ತೇ ನಿಲ್ಲಿಸಿ. ಮಗಳಿಗೆ ಬೇಜಾರಾಗುತ್ತದೆ, ಗೊತ್ತು. ಅವಳಿಗೆ ಬೇರೆ ಕೆಲಸ ಕೊಡೋಣ, ಕೊನೆಯಲ್ಲಿ ಹೇಳುತ್ತೇನೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಬಾಳೆಹಣ್ಣಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದಿದ್ದು ‘ಖಾಲಿ’ ಅನ್ನುವ ಮಾತು. ಹ್ಯಾಮ್‌ಸ್ಟರ್ ಸಾಕುವವರೆಲ್ಲ ಒಂದಲ್ಲ ಒಂದು ದಿನ ಇದರಲ್ಲಿ ಮೋಸ ಹೋಗುತ್ತಾರೆ. ಬಟ್ಟಲು ಖಾಲಿಯಾಯಿತು ಅಂದರೆ ಹ್ಯಾಮ್‌ಸ್ಟರ್ ತಿಂದಿದೆ ಅಂತ ಅಲ್ಲ. ಅದರ ಎರಡೂ ಕೆನ್ನೆಯಲ್ಲಿ ಭುಜದವರೆಗೂ ಹೋಗುವ ಚೀಲ ಇದೆ. ಸಿಕ್ಕಿದ್ದನ್ನೆಲ್ಲ ಅದಕ್ಕೆ ತುಂಬಿಕೊಂಡು ಹೋಗಿ ಗೂಡಿನ ಮೂಲೆಯಲ್ಲಿ ಬಚ್ಚಿಡುತ್ತದೆ. ಇವತ್ತು ರಾತ್ರಿ ಅದು ಚಕ್ರದಲ್ಲಿ ಓಡುತ್ತಿರುವಾಗ ಆ ಮೂಲೆಯನ್ನು ಮೆಲ್ಲಗೆ ಕೆದಕಿ ನೋಡಿ.

ನಾನು ಚಿಕ್ಕಮಗಳೂರಿನಲ್ಲಿ ಮೊದಲ ಹ್ಯಾಮ್‌ಸ್ಟರ್ ಸಾಕಿದಾಗ, ನಾನೂ ನಿಮ್ಮ ಹಾಗೇ ಖಾಲಿ ಬಟ್ಟಲು ನೋಡಿ ಖುಷಿಯಾಗಿದ್ದೆ. ಒಂದು ದಿನ ಗೂಡು ಶುಚಿ ಮಾಡಲು ಹೋದರೆ ಸೂರ್ಯಕಾಂತಿಯ ಸಿಪ್ಪೆ ರಾಶಿ, ಪಕ್ಕದಲ್ಲಿ, ಹಿಟ್ಟು ಒತ್ತಿ ಮಾಡಿದ ಗುಳಿಗೆಯಂಥ ಪೆಲೆಟ್‌ಗಳೆಲ್ಲ ಹಾಗೇ, ಚಿತ್ರಾನ್ನದಿಂದ ಎತ್ತಿಟ್ಟ ಕರಿಬೇವಿನ ಥರ. ಮೂರು ವಾರದಿಂದ ಆಸಾಮಿ ಬರೀ ಎಣ್ಣೆಕಾಳಿನ ಮೇಲೆ ಬದುಕಿದ್ದ! ಅವತ್ತಿಂದ ನಾನು ಬಟ್ಟಲು ನೋಡುವುದು ಬಿಟ್ಟೆ, ಉಗ್ರಾಣ ನೋಡುತ್ತೇನೆ.

ಈಗ ಸಿಹಿಯ ವಿಷಯ. ನಮ್ಮಲ್ಲಿ ಡ್ವಾರ್ಫ್ ಅಂತ ಮಾರುವುದರಲ್ಲಿ ಹೆಚ್ಚಿನವು ಕ್ಯಾಂಪ್‌ಬೆಲ್, ವಿಂಟರ್ ವೈಟ್, ಇಲ್ಲವೇ ಇವೆರಡರ ಬೆರಕೆ. ಇವುಗಳ ಮೂಲ ಮಂಗೋಲಿಯಾ, ಸೈಬೀರಿಯಾ ಕಡೆಯ ಒಣ ಹುಲ್ಲುಗಾವಲು. ಅಲ್ಲಿ ಸಿಗುವುದು ಹುಲ್ಲಿನ ಬೀಜ, ಗಿಡದ ಎಲೆ, ಹುಳಹುಪ್ಪಟೆ. ಬಾಳೆ, ಹಲಸು ಅವುಗಳ ತಾತನೂ ಕಂಡಿಲ್ಲ. ಅದರಲ್ಲೂ ಕ್ಯಾಂಪ್‌ಬೆಲ್ ಜಾತಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ, ಹೌದು, ನಮ್ಮ ಹಾಗೇ. ನೋಡಿದ ತಕ್ಷಣ ಇದು ಕ್ಯಾಂಪ್‌ಬೆಲ್ಲೋ ಬೆರಕೆಯೋ ಅಂತ ಹೇಳುವುದು ಕಷ್ಟ. ಅದಕ್ಕೇ ಎಲ್ಲ ಡ್ವಾರ್ಫ್‌ಗಳಿಗೂ ಸಿಹಿ ಬೇಡ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಹುಬ್ಬಿನ ಜಾಗದಲ್ಲಿ ಬಿಳಿ ಮಚ್ಚೆ ಇರುವ, ಕೈಗೇ ಸಿಗದೆ ಓಡುವ ರೋಬೊರೊವ್‌ಸ್ಕಿಗೆ ಈ ತೊಂದರೆ ಕಡಿಮೆ, ಹಾಗಂತ ಬಾಳೆಹಣ್ಣು ಅದಕ್ಕೂ ಬೇಕಿಲ್ಲ.

ಒಂದು ಲೆಕ್ಕ ಹಾಕಿ. ನಿಮ್ಮದು ಸುಮಾರು 40 ಗ್ರಾಂ ಇರಬಹುದು. ಬೆರಳು ದಪ್ಪದ ಒಂದು ಬಿಲ್ಲೆ ಬಾಳೆಹಣ್ಣು 8 ಗ್ರಾಂ ಅಂದುಕೊಳ್ಳಿ. ಅಂದರೆ ಮೈತೂಕದ ಐದನೇ ಒಂದು ಭಾಗ. 60 ಕೆಜಿ ಇರುವ ನಾನು ಸಂಜೆ ಕೂತು 12 ಕೆಜಿ ಬಾಳೆಹಣ್ಣು ತಿಂದ ಹಾಗೆ! ಅಷ್ಟೂ ಒಂದೇ ಸಲ ತಿನ್ನಲು ಅದಕ್ಕೆ ಆಗುವುದಿಲ್ಲ, ಉಳಿದಿದ್ದು ಮರದ ಹೊಟ್ಟಿನ ಕೆಳಗೆ ಕೊಳೆಯುತ್ತಿರುತ್ತದೆ. ಜೊತೆಗೆ ಅಂಟು ಪದಾರ್ಥ ಕೆನ್ನೆಯ ಚೀಲಕ್ಕೆ ಮೆತ್ತಿಕೊಂಡರೆ ಅಲ್ಲೇ ಹುಣ್ಣಾಗಬಹುದು. ಬೆಲ್ಲ, ಜೇನುತುಪ್ಪ, ಪೀನಟ್ ಬಟರ್ ಬೇಡ ಅನ್ನುವುದೂ ಇದಕ್ಕೇ. ಅಂಗಡಿಯಲ್ಲಿ ಸಿಗುವ ಜೇನು ಹಚ್ಚಿದ ಕಾಳಿನ ಕಡ್ಡಿಯೂ ಅಷ್ಟೇ, ಪ್ಯಾಕೆಟ್ ಮೇಲೆ ಹ್ಯಾಮ್‌ಸ್ಟರ್ ಚಿತ್ರ ಇದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಮುಖ್ಯ ಊಟ ಹ್ಯಾಮ್‌ಸ್ಟರ್ ಪೆಲೆಟ್ ಇರಲಿ. ಪ್ಯಾಕೆಟ್ ತಿರುಗಿಸಿ ನೋಡಿ, ಪ್ರೋಟೀನ್ ಶೇ 16ರಿಂದ 20, ಕೊಬ್ಬು ಶೇ 4ರಿಂದ 7 ಇದ್ದರೆ ಸಾಕು. ಸಕ್ಕರೆ, ಕಾಕಂಬಿ, ಒಣಹಣ್ಣು ಇದ್ದರೆ ವಾಪಸ್ ಇಡಿ. ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಇದು ಯಾವಾಗಲೂ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕಾದೀತು. ನನಗೆ ಒಂದು ಸಲ ಗಿನಿಪಿಗ್ ಪೆಲೆಟ್ ಕೊಟ್ಟು ‘ಎರಡೂ ಒಂದೇ ಸಾರ್’ ಅಂದಿದ್ದರು. ಒಂದೇ ಅಲ್ಲ. ಗಿನಿಪಿಗ್ ಹುಲ್ಲು ತಿನ್ನುವ ಪ್ರಾಣಿ, ಅದಕ್ಕೆ ವಿಟಮಿನ್ ಸಿ ಹೊರಗಿನಿಂದಲೇ ಬೇಕು. ಹ್ಯಾಮ್‌ಸ್ಟರ್ ಅದನ್ನು ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ, ಅದಕ್ಕೆ ಬೇಕಿರುವುದು ಪ್ರೋಟೀನ್.

ಪೆಲೆಟ್ ಜೊತೆಗೆ ನವಣೆ, ಸಾಮೆ, ರಾಗಿ, ಓಟ್ಸ್, ಸ್ವಲ್ಪ ಅಗಸೆ ಬೆರೆಸಿ. ಈ ವಿಷಯದಲ್ಲಿ ನಾವು ಅದೃಷ್ಟವಂತರು, ಇವೆಲ್ಲ ದಿನಸಿ ಅಂಗಡಿಯಲ್ಲೇ ಸಿಗುತ್ತವೆ. ಪೆಲೆಟ್, ಕಾಳು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ, ಜಾಸ್ತಿ ಅಂದರೆ ಒಂದೂವರೆ. ಅದು ಎದ್ದು ಓಡಾಡುವ ಹೊತ್ತಿಗೆ, ಸಂಜೆ ಹಾಕಿ. ಉಗ್ರಾಣದಲ್ಲಿ ಪೆಲೆಟ್ ಉಳಿಯುತ್ತಿದ್ದರೆ ಕಾಳು ಕಡಿಮೆ ಮಾಡಿ, ಪೆಲೆಟ್ ತಿನ್ನುವವರೆಗೆ ಹೊಸ ರುಚಿ ತೋರಿಸಬೇಡಿ. ಆದರೆ ಅಂಗಡಿಯ ಮಿಕ್ಸ್ ಅನ್ನು ಒಂದೇ ದಿನ ನಿಲ್ಲಿಸಬೇಡಿ, ಹೊಟ್ಟೆ ಕೆಡುತ್ತದೆ. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿ.

ವಾರಕ್ಕೆ ಎರಡು ಸಲ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಉಪ್ಪು ಹಾಕದ್ದು. ಎರಡು ಮೂರು ದಿನಕ್ಕೊಮ್ಮೆ ಕಿರುಬೆರಳ ಉಗುರಿನಷ್ಟು ಸೌತೆಕಾಯಿ ಅಥವಾ ಬ್ರಾಕೊಲಿ, ಇಲ್ಲಾಂದರೆ ಒಂದೆಲೆ ಕೊತ್ತಂಬರಿ. ಕ್ಯಾರೆಟ್ ತರಕಾರಿಯೇ ಆದರೂ ಸಿಹಿ, ಅದು ಅಪರೂಪಕ್ಕೆ. ಹಸಿ ತರಕಾರಿ ಜಾಸ್ತಿಯಾದರೆ ಭೇದಿ ಶುರುವಾಗುತ್ತದೆ, ಇಷ್ಟು ಚಿಕ್ಕ ಜೀವಕ್ಕೆ ಭೇದಿ ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು. ನೀರು ದಿನಾ ಬದಲಾಯಿಸಿ. ವಿಟಮಿನ್ ಹನಿ ಸುಮ್ನೆ ದುಡ್ಡು ದಂಡ.

ಹಾಸನದಲ್ಲಿ ಆಲೂಗಡ್ಡೆ ಇಲ್ಲದ ಅಡುಗೆಮನೆ ಇಲ್ಲ, ಅಲ್ವಾ? ಹಸಿ ಆಲೂಗಡ್ಡೆ, ಅದರಲ್ಲೂ ಹಸಿರು ತಿರುಗಿದ್ದು, ಮೊಳಕೆ ಬಂದದ್ದು ವಿಷ. ಸಿಪ್ಪೆಯೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ನಿಂಬೆ, ಚಾಕೊಲೇಟ್, ಹಸಿ ಅವರೆಕಾಳು ಯಾವುದೂ ಬೇಡ. ತೋಟದ ಮನೆಯವರು ಬಟರ್ ಫ್ರೂಟ್ ಚೀಲಗಟ್ಟಲೆ ಕೊಡುತ್ತಾರೆ, ನೀವೇ ತಿನ್ನಿ. ಕಡಿಯಲಿ ಅಂತ ಕಾಫಿ ತೋಟದಿಂದ ಕಡ್ಡಿ ತರುವವರೂ ಇದ್ದಾರೆ, ಆ ಗಿಡಗಳಿಗೆ ರೋಗ ಬರದಿರಲಿ ಅಂತ ಬೋರ್ಡೋ ಹೊಡೆದಿರುತ್ತಾರೆ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ. ಹಲ್ಲು ಸವೆಯಲು ತೊಳೆದು ಒಣಗಿಸಿದ ತೆಂಗಿನ ಕರಟ ಇಡಿ, ಅದೇ ಮನೆಯೂ ಆಗುತ್ತದೆ. ಸಂಕ್ರಾಂತಿಗೆ ಮಾತ್ರ ಮಕ್ಕಳ ಮೇಲೆ ಒಂದು ಕಣ್ಣಿರಲಿ. ಎಳ್ಳು ಬೀರಲು ಹೊರಟ ಕೈಗಳು ಪಂಜರದ ಹತ್ತಿರವೂ ನಿಲ್ಲುತ್ತವೆ.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಇನ್ನು ಕಾಳು ಯಾವ ಲೆಕ್ಕ. ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಬಿಗಿ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಆರಿಸಿ, ಬಿಸಿಲಿಗೆ ಹಾಕಿ ಅಂತೆಲ್ಲ ಹೋಗಬೇಡಿ, ಎಸೆಯಿರಿ. ಉಗ್ರಾಣವನ್ನು ಮಾತ್ರ ಪೂರ್ತಿ ಗುಡಿಸಬೇಡಿ, ಅದು ಗಾಬರಿಯಾಗುತ್ತದೆ. ಹಸಿಯಾದ ತುಂಡುಗಳನ್ನು ತೆಗೆದು ಒಣ ಕಾಳು ಬಿಡಿ.

ಎರಡು ತಿಂಗಳು ಬಾಳೆಹಣ್ಣು ತಿಂದಿರುವುದರಿಂದ ಇನ್ನೊಂದು ಮಾತು. ನೀರಿನ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿದೆಯಾ? (ನೀರನ್ನು ಬಚ್ಚಿಡಲು ಬರುವುದಿಲ್ಲ, ಇದನ್ನು ನಂಬಬಹುದು.) ಹಾಸು ಮೊದಲಿಗಿಂತ ಒದ್ದೆಯಾಗಿರುತ್ತದಾ? ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದೆಯಾ? ಹಾಗಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಮೂತ್ರದ ಸಕ್ಕರೆ ನೋಡುವ ಪಟ್ಟಿ ತನ್ನಿ, ಹ್ಯಾಮ್‌ಸ್ಟರನ್ನು ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಬಿಡಿ, ಉಚ್ಚೆ ಹೊಯ್ದ ತಕ್ಷಣ ಪಟ್ಟಿ ಅದ್ದಿ. ಬಣ್ಣ ಬದಲಾದರೆ ಪಶುವೈದ್ಯರಿಗೆ ತೋರಿಸಿ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಹೋಗುವ ಮುಂಚೆ ಚಿಕ್ಕ ಪ್ರಾಣಿ ನೋಡುತ್ತಾರಾ ಅಂತ ಕೇಳಿಕೊಳ್ಳಿ.

ಇನ್ನು ಮಗಳ ಕೆಲಸ. ಲವ್ ಬರ್ಡ್ಸ್‌ಗೆ ಅಂತ ಮಾರುವ ನವಣೆ ತೆನೆ ತನ್ನಿ. ಬಾಳೆಹಣ್ಣಿನ ಹೊತ್ತಿಗೆ ಅವಳು ಅದರಲ್ಲಿ ಒಂದಿಂಚು ಮುರಿದು ಕೈಯಲ್ಲಿ ಹಿಡಿದುಕೊಳ್ಳಲಿ, ಹ್ಯಾಮ್‌ಸ್ಟರ್ ಎರಡು ಕಾಲ ಮೇಲೆ ನಿಂತು ಒಂದೊಂದೇ ಕಾಳು ಕೀಳುವುದನ್ನು ನೋಡಲಿ. ವಾರಕ್ಕೆ ಎರಡು ದಿನ ತೆನೆ, ಎರಡು ದಿನ ಒಂದೇ ಒಂದು ಸೂರ್ಯಕಾಂತಿ ಬೀಜ. ಉಳಿದ ದಿನ ಮಾಮೂಲಿ ಊಟವನ್ನೇ ಹೊಟ್ಟಿನಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಹುಡುಕಿಸುವ ಆಟ. ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬಟ್ಟಲಿಟ್ಟು ತೂಕ ನೋಡಿ, ಅವಳ ಕೈಯಲ್ಲೇ ಕ್ಯಾಲೆಂಡರ್ ಮೇಲೆ ಬರೆಸಿ. ಕೆನ್ನೆ ತುಂಬಿಕೊಂಡಿರುವಾಗ ಮಾತ್ರ ತೂಗಬೇಡಿ, ನಾಲ್ಕು ಗ್ರಾಂ ಸುಳ್ಳು ಹೇಳುತ್ತದೆ.